ಕಾರ್ಡು ಸತ್ತಿರಲಿಲ್ಲ

ನಮ್ಮಣ್ಣ ಹಳೆ ಕಂಪ್ಯೂಟರಿನ ಬಿಡಿಭಾಗ ಜೋಡಿಸಿ ಮನೆಯಲ್ಲೇ ಒಂದು ಸರ್ವರ್ ಮಾಡಿದ. ಸರ್ವರ್ ಎಂದರೆ ಮನೆಯವರೆಲ್ಲರ ಫೈಲುಗಳ ಕಣಜ. ತೀರಿಕೊಂಡ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳು ಅಮ್ಮನ ಗಾಜು ಒಡೆದ ಮೊಬೈಲಿನಲ್ಲಿ ಮಾತ್ರ ಇದ್ದವು. ಅವನ್ನು ಇದರಲ್ಲಿ ಇಡಬೇಕಿತ್ತು.

ಆದರೆ ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡೇ ಕಾಣಲಿಲ್ಲ. ‘ಐಪಿ ಲಿಂಕ್’ ಎಂದು ಟೈಪ್ ಮಾಡಿದರೆ ‘ಎಲ್‌ಓ’ ಒಂದೇ ಬಂತು. ಅದು ಯಂತ್ರ ತನ್ನ ಜೊತೆ ತಾನೇ ಮಾತಾಡೋ ದಾರಿ. ಕೇಬಲ್ ಬದಲಿಸಿದೆವು. ಕಾರ್ಡು ಬಿಚ್ಚಿ (ಕರೆಂಟ್ ಪ್ಲಗ್ ತೆಗೆದ ಮೇಲೇ!) ಮತ್ತೆ ಹಾಕಿದೆವು. ಊಹೂಂ. “ಸತ್ತಿದೆ, ಬಿಸಾಕು” ಅಂದ ಅಣ್ಣ.

ಕೊನೆಗೆ ‘ಎಲ್‌ಎಸ್‌ಪಿಸಿಐ’ ಅಂತ ಕೊಟ್ಟು ನೋಡಿದ. ಆ ಪಟ್ಟಿಯಲ್ಲಿ ಕಾರ್ಡಿನ ಹೆಸರು ಇತ್ತು! ಅಂದ್ರೆ ಬೋರ್ಡಿಗೆ ಕಾರ್ಡು ಸಿಕ್ಕಿದೆ, ಅದನ್ನು ನಡೆಸೋ ಸಾಫ್ಟ್‌ವೇರು, ಡ್ರೈವರ್ ಅಂತಾರೆ, ಅದಿಲ್ಲ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿದೆ, ಮೇಷ್ಟ್ರಿಗೆ ಅವನ ಭಾಷೆ ಬರಲ್ಲ, ಹಾಗೆ. ನಾವು ಹಾಕಿದ್ದು 2019ರ ಡೆಬಿಯನ್ 10 ಲಿನಕ್ಸ್, ಅದರ ಕರ್ನಲ್ 4.19. ಕಾರ್ಡೋ 2.5 ಗಿಗಾಬಿಟ್‌ನ ಹೊಸದು.

ಹೊಸ ಲಿನಕ್ಸ್ ತರಲು ನೆಟ್ ಬೇಕು, ನೆಟ್‌ಗೆ ಕಾರ್ಡು ಬೇಕು! ಅಣ್ಣ ತನ್ನ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಒತ್ತಿದ. ಅದಕ್ಕೆ ಬೇಕಾದ ಡ್ರೈವರ್ ಹಳೆಯದರಲ್ಲೂ ಇತ್ತು. 2023ರ ಡೆಬಿಯನ್ 12 ಇಳಿಸಿಕೊಂಡು ಹಾಕಿದ ಮೇಲೆ ‘ಐಪಿ ಲಿಂಕ್’ನಲ್ಲಿ ಎರಡನೇ ಸಾಲು ಬಂತು. ನಾನು ಕುಣಿದೆ.

ಅಜ್ಜಿಯ ಪದಗಳು ಈಗ ಎರಡು ಕಡೆ ಇವೆ. ಮೊದಲನೆಯದನ್ನು ಅಮ್ಮ ಅವತ್ತೇ ಎರಡು ಸಲ ಕೇಳಿದಳು.