ದೀಪ ನಮ್ಮದು, ಅಪ್ಪಣೆ ಯಾರದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಹೆಸರು ಹೇಳಿದೊಡನೆ ಕೇಳಿದವರ ಕಣ್ಣ ಮುಂದೆ ನಿಲ್ಲುವುದು ಬಂಡೆಗಲ್ಲಿನ ಬೆಟ್ಟ, ಬತ್ತಿದ ಕೆರೆ, ಕಡಲೆಕಾಯಿಯ ಹೊಲ, ಮುಗಿಲ ಕಡೆ ಮುಖವೆತ್ತಿ ನಿಂತ ರೈತ. ಇಂಥ ಸೀಮೆಯ ಪ್ರಸ್ತಾಪ ಮಾಡುತ್ತ ‘ಸ್ವಯಂಚಾಲಿತ ಗೃಹ’ದ ಮಾತೆತ್ತಿದರೆ, ಅದೇನು ನಮ್ಮ ಊರಿಗೆ ಒಪ್ಪುವ ವಿಷಯವೇ ಎಂದು ವಾಚಕರಲ್ಲಿ ಕೆಲವರಿಗಾದರೂ ಅನಿಸೀತು. ಆದರೆ ಮನುಷ್ಯನ ಕೈ ಸೋಕದೆ ತಾನೇ ತಾನಾಗಿ ಕೆಲಸ ಮಾಡುವ ಯಂತ್ರ ಈ ಸೀಮೆಗೆ ಬಂದು ಬಹಳ ಕಾಲವಾಯಿತು. ಅದು ಬಂದುದು ಮನೆಯ ಹಜಾರಕ್ಕಲ್ಲ, ತೋಟದ ಮೂಲೆಯಲ್ಲಿರುವ ಮೋಟಾರಿನ ಮನೆಗೆ.

ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ಬರುವುದು ದಿನದ ಕೆಲವು ಗಂಟೆಗಳ ಕಾಲ ಮಾತ್ರ. ಆ ಗಂಟೆಗಳು ನಡುರಾತ್ರಿಯಲ್ಲಿ ಬಂದರೂ ಬಂದಾವು. ಕತ್ತಲಲ್ಲಿ ಟಾರ್ಚು ಹಿಡಿದು, ಹಾವು ಚೇಳುಗಳ, ಬೆಟ್ಟದಿಂದಿಳಿಯುವ ಕರಡಿಗಳ ಭಯವನ್ನು ನುಂಗಿಕೊಂಡು ತೋಟಕ್ಕೆ ಹೋಗಿ ಮೋಟಾರು ಹಾಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆ ಕಷ್ಟದ ಪರಿಹಾರಕ್ಕಾಗಿ ಬಂದುದೇ ಆಟೋ ಸ್ಟಾರ್ಟರ್. ಮೂರು ಫೇಸುಗಳೂ ಸರಿಯಾಗಿ ಬಂದುವೆಂದು ಕಂಡರೆ ಪೆಟ್ಟಿಗೆ ತಾನಾಗಿ ಮೋಟಾರನ್ನು ನಡೆಸುತ್ತದೆ. ವಿದ್ಯುತ್ತು ಹೋದರೆ ಮೋಟಾರು ನಿಲ್ಲುತ್ತದೆ. ಮರಳಿ ಬಂದರೆ ಮರಳಿ ಹೊರಡುತ್ತದೆ. ಈಗ ಸಿಮ್ ಕಾರ್ಡು ಹಾಕಿ ದೂರವಾಣಿಯಿಂದ ಆಜ್ಞೆ ಕೊಡುವ ಪೆಟ್ಟಿಗೆಗಳೂ ಬಂದಿವೆ.

ಈ ಹಳೆಯ ಆಟೋ ಸ್ಟಾರ್ಟರಿನಲ್ಲಿ ಗಮನಿಸಬೇಕಾದ ಗುಣವೊಂದಿದೆ. ಮೋಟಾರು ಹೊರಡಬೇಕೋ ಬೇಡವೋ ಎಂಬ ತೀರ್ಮಾನ ಆಗುವುದು ಮೋಟಾರಿನ ಪಕ್ಕದಲ್ಲಿ, ಗೋಡೆಗೆ ತೂಗುಹಾಕಿದ ಆ ಪೆಟ್ಟಿಗೆಯೊಳಗೇ. ಅದಕ್ಕೆ ಪರದೇಶದ ಕಂಪನಿಯ ಅನುಮತಿ ಬೇಕಾಗಿಲ್ಲ. ಕಂಪನಿ ಬಾಗಿಲು ಮುಚ್ಚಿದರೂ ಪೆಟ್ಟಿಗೆ ತನ್ನ ಕೆಲಸ ಮರೆಯುವುದಿಲ್ಲ. ಇಂದು ಪಟ್ಟಣದ ಅಂಗಡಿಗಳಲ್ಲಿ ‘ಸ್ಮಾರ್ಟ್’ ಎಂಬ ಬಿರುದು ಹೊತ್ತು ಮಾರಾಟವಾಗುತ್ತಿರುವ ಅನೇಕ ದೀಪಗಳಿಗೂ ಸ್ವಿಚ್ಚುಗಳಿಗೂ ಈ ಗುಣವಿಲ್ಲ.

ಅಪ್ಪಣೆಯ ದೀರ್ಘಯಾತ್ರೆ

ಮಧುಗಿರಿಯ ಗೃಹಸ್ಥರೊಬ್ಬರು ಇಂಥ ದೀಪವೊಂದನ್ನು ತಂದು ಹಜಾರದಲ್ಲಿ ಹಾಕಿಸಿದರೆಂದು ಭಾವಿಸೋಣ. ಅವರು ಕುಳಿತಿರುವುದು ದೀಪದ ಕೆಳಗೇ. ಕೈಯಲ್ಲಿರುವ ಮೊಬೈಲನ್ನು ಒತ್ತುತ್ತಾರೆ, ದೀಪ ಹತ್ತುತ್ತದೆ. ಮೊಬೈಲಿಗೂ ದೀಪಕ್ಕೂ ಇರುವ ಅಂತರ ನಾಲ್ಕು ಮಾರು. ಆದರೆ ಆ ಅಪ್ಪಣೆ ನಡೆದ ದಾರಿ ಅದಲ್ಲ. ಅದು ಮನೆಯಿಂದ ಹೊರಟು, ಕಂಬದ ಮೇಲಿನ ತಂತಿಯನ್ನು ಹಿಡಿದು, ಎಷ್ಟೋ ಊರುಗಳನ್ನು ದಾಟಿ, ಕಂಪನಿಯವರು ಎಲ್ಲಿಯೋ ಇಟ್ಟಿರುವ ಗಣಕಯಂತ್ರವನ್ನು ಮುಟ್ಟಿ, ಅಲ್ಲಿ ರುಜು ಮಾಡಿಸಿಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗಿ ದೀಪವನ್ನು ಸೇರುತ್ತದೆ. ಇಷ್ಟೆಲ್ಲ ಕಣ್ಣುಮಿಟುಕಿಸುವಷ್ಟರಲ್ಲಿ ಆಗಿಬಿಡುವುದರಿಂದ ಅದರ ಅರಿವು ನಮಗೆ ಆಗುವುದಿಲ್ಲ.

ಅರಿವಾಗುವುದು ತಂತಿ ಕಡಿದಾಗ. ರಸ್ತೆ ಅಗೆಯುವವರು ಕೇಬಲ್ಲನ್ನು ಕತ್ತರಿಸಿದರು, ಗಾಳಿಮಳೆಗೆ ಕಂಬ ಬಿತ್ತು, ಟವರಿನ ಬ್ಯಾಟರಿ ಖಾಲಿಯಾಯಿತು ಎನ್ನಿ. ಇವು ನಮ್ಮ ಕಡೆ ಅಪರೂಪದ ಸಂಗತಿಗಳೇನೂ ಅಲ್ಲ. ಆಗ ಮನೆಯಲ್ಲಿ ವಿದ್ಯುತ್ತಿದ್ದರೂ, ದೀಪ ಚೆನ್ನಾಗಿದ್ದರೂ, ಮೊಬೈಲಿನ ಅಪ್ಪಣೆ ಮಾತ್ರ ನಡೆಯದು. ಮನೆಯೊಳಗಿರುವ ಆಳು ಯಜಮಾನನ ಮಾತನ್ನು ಕೇಳಲು ಪರಸ್ಥಳದವನ ಚೀಟಿಗಾಗಿ ಕಾದಂತಾಯಿತು!

ಎರಡು ದೃಷ್ಟಾಂತಗಳು

ತಂತಿ ಕಡಿದರೆ ಒಂದೆರಡು ದಿನಗಳಲ್ಲಿ ಸರಿಹೋದೀತು. ಕಂಪನಿಯ ಮನಸ್ಸೇ ಬದಲಾದರೆ? ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಹಬ್ಬೊಂದು ಮಾರಾಟವಾಗುತ್ತಿತ್ತು. ಹಬ್ಬೆಂದರೆ ಮನೆಯ ದೀಪ, ಬೀಗ, ಫ್ಯಾನು ಮೊದಲಾದುವನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆ. ಸುಮಾರು 300 ಡಾಲರುಗಳ ಬೆಲೆ. ಜೀವಮಾನ ಪರ್ಯಂತ ಸೇವೆ ದೊರೆಯುವುದೆಂಬ ಆಶ್ವಾಸನೆ ಬೇರೆ. 2014ರಲ್ಲಿ ಆ ಕಂಪನಿಯನ್ನು ‘ನೆಸ್ಟ್’ ಎಂಬ ದೊಡ್ಡ ಕಂಪನಿ ಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆಯನ್ನು ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಸುಟ್ಟಿರಲಿಲ್ಲ. ದೂರದ ಗಣಕಯಂತ್ರ ಮಾತನಾಡುವುದನ್ನು ನಿಲ್ಲಿಸಿದ್ದರಿಂದ ಗೋಡೆಯ ಮೇಲಿನ ಪೆಟ್ಟಿಗೆ ಮೂಕವಾಯಿತು. ಜೀವಮಾನವೆಂದರೆ ಕೊಂಡವರ ಜೀವಮಾನವಲ್ಲ, ಮಾರಿದವರ ಇಚ್ಛೆಯ ಜೀವಮಾನವೆಂದು ಆಗ ಜನರಿಗೆ ತಿಳಿಯಿತು.

ಎರಡನೆಯ ದೃಷ್ಟಾಂತ ‘ಇನ್‌ಸ್ಟಿಯಾನ್’ ಎಂಬ ಕಂಪನಿಯದು. 2022ರ ಏಪ್ರಿಲಿನಲ್ಲಿ ಅದರ ಗಣಕಯಂತ್ರಗಳು ಯಾವ ಮುನ್ಸೂಚನೆಯೂ ಇಲ್ಲದೆ ಸ್ತಬ್ಧವಾದವು. ಗಿರಾಕಿಗಳೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಅದೇ ವರ್ಷದ ಜೂನಿನಲ್ಲಿ ಸೇವೆಯನ್ನು ಮತ್ತೆ ಆರಂಭಿಸಿದರು. ಆ ನಡುವೆ ಅನೇಕರು ಬೇರೊಂದು ದಾರಿ ಹಿಡಿದಿದ್ದರು. ಆ ದಾರಿಯೇ ಈ ಲೇಖನದ ವಿಷಯ.

ಮನೆಯೊಳಗಿನ ಮೇಸ್ತ್ರಿ

ಅಂಗೈಯಗಲದ ಗಣಕಯಂತ್ರವೊಂದನ್ನು ಮನೆಯಲ್ಲಿಯೇ ಇಟ್ಟುಕೊಂಡು, ಮನೆಯ ಆಡಳಿತವನ್ನೆಲ್ಲ ಅದಕ್ಕೆ ಒಪ್ಪಿಸುವುದು ಆ ದಾರಿ. ‘ರಾಸ್ಪ್‌ಬೆರಿ ಪೈ’ ಎಂಬ ಇಂಥ ಯಂತ್ರ 2012ರಲ್ಲಿ ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿ ಹುಟ್ಟಿತು. ಮೂಲೆಗೆ ಸೇರಿದ ಹಳೆಯ ಲ್ಯಾಪ್‌ಟಾಪಿದ್ದರೂ ಆದೀತು. ಅದರಲ್ಲಿ ನಡೆಯುವ ತಂತ್ರಾಂಶಗಳಲ್ಲಿ ಬಹಳ ಪ್ರಸಿದ್ಧವಾದುದು ‘ಹೋಂ ಅಸಿಸ್ಟೆಂಟ್’. ಪೌಲಸ್ ಸ್ಕೌಟ್ಸನ್ ಎಂಬ ಡಚ್ ತರುಣ 2013ರಲ್ಲಿ ಇದನ್ನು ಆರಂಭಿಸಿದನು. ಜರ್ಮನಿಯ ಕಾಯ್ ಕ್ರಾಯ್ಟ್ಸರ್ ಅದಕ್ಕೂ ಮೊದಲೇ, 2010ರಲ್ಲಿ, ‘ಓಪನ್‌ಹ್ಯಾಬ್’ ಎಂಬುದನ್ನು ಪ್ರಾರಂಭಿಸಿದ್ದನು. ಎರಡೂ ಮುಕ್ತ ತಂತ್ರಾಂಶಗಳು. ಇವುಗಳ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ನೆರೆಯವರಿಗೆ ಕೊಡಬಹುದು; ಬೆಲೆ ಕೊಡಬೇಕಾಗಿಲ್ಲ.

ಈ ಮೇಸ್ತ್ರಿ ಆಳುಗಳೊಡನೆ ಮಾತನಾಡುವುದು ಹೇಗೆ? ‘ಜಿಗ್ಬೀ’ ಎಂಬುದು ಒಂದು ಭಾಷೆ. ಬಾಗಿಲಿಗೆ ಅಂಟಿಸುವ, ಗುಂಡಿಯಷ್ಟೇ ದೊಡ್ಡದಾದ ಸೆನ್ಸರುಗಳು ಈ ಭಾಷೆಯಲ್ಲಿ ನೇರವಾಗಿ ಮನೆಯ ಹಬ್ಬಿಗೆ ವರದಿ ಒಪ್ಪಿಸುತ್ತವೆ. ಸಣ್ಣ ಬ್ಯಾಟರಿಯೊಂದರ ಬಲದಿಂದ ತಿಂಗಳುಗಟ್ಟಲೆ ಬದುಕುತ್ತವೆ. ಇನ್ನೊಂದು ಭಾಷೆ ‘ಎಂ.ಕ್ಯು.ಟಿ.ಟಿ.’. ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು 1999ರಲ್ಲಿ ಇದನ್ನು ರಚಿಸಿದುದು ಮರುಭೂಮಿಯ ಎಣ್ಣೆಕೊಳವೆಗಳ ಕಾವಲಿಗಾಗಿ. ಉಪಗ್ರಹದ ಸಂಪರ್ಕ ಆಗ ದುಬಾರಿ, ಅದೂ ಆಗಾಗ ಕಡಿದುಹೋಗುವಂಥದು. ಆದುದರಿಂದ ಕಡಿಮೆ ಮಾತಿನಲ್ಲಿ ಕೆಲಸ ಮುಗಿಸುವ ಭಾಷೆ ಬೇಕಾಗಿತ್ತು. ಸಂಪರ್ಕ ಕಡಿಯುವುದೇ ಸಹಜವೆಂದು ಒಪ್ಪಿಕೊಂಡು ಹುಟ್ಟಿದ ಭಾಷೆ ಪಾವಗಡದ ಮನೆಗೂ ಹೊಂದುವುದರಲ್ಲಿ ಆಶ್ಚರ್ಯವೇನು?

ಖರ್ಚಿನ ಲೆಕ್ಕವನ್ನೂ ನೋಡಬಹುದು. ಯಂತ್ರ ಹಗಲಿರುಳು ನಡೆಯುವಾಗ 5 ವ್ಯಾಟ್ ಹೀರುತ್ತದೆಂದು ಹಿಡಿದರೆ ದಿನಕ್ಕೆ 120 ವ್ಯಾಟ್-ಗಂಟೆ, 30 ದಿನಗಳಿಗೆ 3.6 ಯೂನಿಟ್ಟು. ಒಂದು ಸಣ್ಣ ದೀಪದ ಖರ್ಚು.

ಫಲವೇನು? ಮಹಡಿಯ ಮೇಲಿನ ಟ್ಯಾಂಕು ತುಂಬಿದೊಡನೆ ಮೋಟಾರು ನಿಲ್ಲುತ್ತದೆ. ಬೋರ್‌ವೆಲ್ ನೀರನ್ನು ಇಷ್ಟೊಂದು ಆಳದಿಂದ ಎತ್ತುವ ಸೀಮೆಯಲ್ಲಿ ಟ್ಯಾಂಕು ತುಂಬಿ ಹರಿದು ಚರಂಡಿ ಸೇರುವುದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಮೋಟಾರು ನಡೆಯುತ್ತಿದ್ದರೂ ಟ್ಯಾಂಕಿನ ಮಟ್ಟ ಏರದಿದ್ದರೆ, ಬಾವಿ ಬರಿದಾಗಿದೆಯೆಂದು ತಿಳಿದು ಮೋಟಾರು ಸುಡುವ ಮೊದಲೇ ಆರಿಸಬಹುದು. ವಿದ್ಯುತ್ತು ಯಾವಾಗ ಹೋಯಿತು, ಯಾವಾಗ ಬಂತು ಎಂಬ ದಾಖಲೆ ಉಳಿಯುತ್ತದೆ. ಇವಕ್ಕೆಲ್ಲ ಹೊರಗಿನ ತಂತಿ ಬೇಕಾಗಿಲ್ಲ.

ದಿನಚರಿಯ ಗುಟ್ಟು

ನೀರು, ದೀಪಗಳಿಗಿಂತ ಸೂಕ್ಷ್ಮವಾದ ವಿಚಾರವೊಂದಿದೆ. ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ವೃದ್ಧ ತಾಯಿ ಊರಿನ ಮನೆಯಲ್ಲಿ ಒಬ್ಬರೇ ಇರುವ ಸಂಸಾರಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟಿಲ್ಲ! ಬೆಳಗಿನ ಹೊತ್ತು ಅಡಿಗೆಮನೆಯ ಬಾಗಿಲು ತೆರೆಯದಿದ್ದರೆ ಮಗನಿಗೆ ಸುದ್ದಿ ಮುಟ್ಟುವಂತೆ ಮಾಡುವುದು ಈ ಯಂತ್ರಕ್ಕೆ ಸುಲಭ. ಆ ಸುದ್ದಿ ಊರು ದಾಟಬೇಕಾದರೆ ಸಂಪರ್ಕ ಬೇಕು, ನಿಜ. ಆದರೆ ದಾಟುವುದು ಆ ಒಂದು ಸುದ್ದಿ ಮಾತ್ರ. ತಾಯಿ ಎಷ್ಟು ಹೊತ್ತಿಗೆ ಎದ್ದರು, ರಾತ್ರಿ ಎಷ್ಟು ಸಲ ದೀಪ ಹಾಕಿದರು, ಯಾವ ದಿನ ಮನೆಗೆ ಬೀಗ ಬಿತ್ತು ಎಂಬ ಇಡೀ ದಿನಚರಿ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಕಂಪನಿಯ ಯಂತ್ರವಾದರೆ ಆ ದಿನಚರಿ ಕಂಪನಿಯ ಕಡತವನ್ನು ಸೇರುತ್ತದೆ.

ಇದನ್ನು ಅತಿಯಾದ ಶಂಕೆಯೆಂದು ತಳ್ಳಿಹಾಕಲಾಗದು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ತೀರ್ಪಿಗೆ ಅಂಟಿಕೊಂಡಿರುವ ಹೆಸರು ಕನ್ನಡಿಗರೊಬ್ಬರದು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಕುರಿತು ಹೂಡಿದ ದಾವೆಯಿಂದ ಹೊರಬಂದ ತೀರ್ಪು ಅದು. ನ್ಯಾಯಾಲಯ ಹಕ್ಕನ್ನು ಎತ್ತಿಹಿಡಿಯಬಲ್ಲದು. ಮನೆಯ ಬಾಗಿಲನ್ನು ಹಾಕಿಕೊಳ್ಳಬೇಕಾದವರು ಮನೆಯವರೇ.

ತಲಪರಿಗೆಯ ಪಾಠ

ಬೆಲೆಯಿಲ್ಲದೆ ದೊರೆಯುವ ತಂತ್ರಾಂಶವನ್ನು ನಂಬುವುದು ಹೇಗೆ, ಅದನ್ನು ಕಾಯುವವರಾರು ಎಂದು ಕೇಳುವವರಿದ್ದಾರೆ. ಉತ್ತರ ಈ ಸೀಮೆಯ ನೆಲದಲ್ಲಿಯೇ ಇದೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಭಾಗದ ಹಿರಿಯರಿಗೆ ತಲಪರಿಗೆ ಎಂಬ ಮಾತು ಹೊಸದಲ್ಲ. ಕೆರೆಯಂಗಳದಲ್ಲಿಯೋ ಹಳ್ಳದ ಪಕ್ಕದಲ್ಲಿಯೋ ಮರಳು ನೆಲದಿಂದ ತಾನಾಗಿ ಒಸರುವ ನೀರಿನ ಊಟೆಗೆ ತಲಪರಿಗೆಯೆಂದು ಹೆಸರು. ಒಸರಿದ ನೀರನ್ನು ಕಾಲುವೆಯ ಮೂಲಕ ಕಟ್ಟೆಗೆ ತಂದು, ಸರದಿಯ ಮೇಲೆ ಗದ್ದೆಗಳಿಗೆ ಹಂಚಿಕೊಳ್ಳುತ್ತಿದ್ದರು. ನೀರು ಪಡೆಯುವವರೆಲ್ಲ ಸೇರಿ ಹೂಳು ತೆಗೆಯಬೇಕು; ಅದೇ ಅದರ ಬೆಲೆ. ಒಬ್ಬನ ಸ್ವತ್ತಲ್ಲವಾದುದರಿಂದ ಅದನ್ನು ಒಬ್ಬನು ಮಾರುವಂತಿರಲಿಲ್ಲ, ಮುಚ್ಚುವಂತೆಯೂ ಇರಲಿಲ್ಲ. ಬೋರ್‌ವೆಲ್ಲುಗಳ ಕಾಲದಲ್ಲಿ, ಪ್ರತಿಯೊಬ್ಬನೂ ತನ್ನ ಪಾಡಿಗೆ ತಾನು ಆಳಕ್ಕೆ ಇಳಿದಾಗ, ಎಷ್ಟೋ ತಲಪರಿಗೆಗಳು ಹೂತುಹೋದವು.

ಮುಕ್ತ ತಂತ್ರಾಂಶ ಈ ಕಾಲದ ತಲಪರಿಗೆ. ಸಾವಿರಾರು ಮಂದಿ ತಮ್ಮ ಬಿಡುವಿನ ವೇಳೆಯಲ್ಲಿ ಅದರ ಹೂಳು ತೆಗೆಯುತ್ತಾರೆ. ಹೋಂ ಅಸಿಸ್ಟೆಂಟನ್ನು ಮುಂದೆ ಯಾವ ಕಂಪನಿಯೂ ಕೊಂಡು ಮುಚ್ಚದಿರಲೆಂದು 2024ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ‘ಓಪನ್ ಹೋಂ ಫೌಂಡೇಶನ್’ ಎಂಬ ಲಾಭಾಪೇಕ್ಷೆಯಿಲ್ಲದ ಪ್ರತಿಷ್ಠಾನವನ್ನು ಸ್ಥಾಪಿಸಿ, ಅದನ್ನು ಅದರ ವಶಕ್ಕೆ ಒಪ್ಪಿಸಿದ್ದಾರೆ. ನೀರು ಕುಡಿಯುವವರು ಮಾತ್ರ ಹೆಚ್ಚಿ, ಹೂಳೆತ್ತುವವರು ಕಡಿಮೆಯಾದರೆ ಈ ಊಟೆಯೂ ಬತ್ತೀತು. ನಮ್ಮ ಪಾಲಿಟೆಕ್ನಿಕ್ಕುಗಳ, ಐ.ಟಿ.ಐ.ಗಳ ವಿದ್ಯಾರ್ಥಿಗಳು ಇದನ್ನು ಕಲಿತು, ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆದಿಟ್ಟರೆ ಅದೂ ಒಂದು ಬುಟ್ಟಿ ಹೂಳು ಎತ್ತಿದಂತೆಯೇ.

ಎಚ್ಚರಿಕೆಯ ಮಾತು

ಗುಣವನ್ನು ಹೇಳಿ ದೋಷವನ್ನು ಮರೆಮಾಚುವುದು ನ್ಯಾಯವಲ್ಲ. ಈ ಯಂತ್ರ ಕೊಂಡು ತಂದ ದಿನವೇ ಕೈಗೆ ಒಗ್ಗುವಂಥದಲ್ಲ. ಕಲಿಯಲು ತಾಳ್ಮೆ ಬೇಕು. ವಿದ್ಯುತ್ತು ಥಟ್ಟನೆ ಹೋದಾಗ ಅದರ ನೆನಪಿನ ಕಾರ್ಡು ಕೆಡುವುದುಂಟು, ಆದುದರಿಂದ ಯು.ಪಿ.ಎಸ್. ಇರಬೇಕು, ವ್ಯವಸ್ಥೆಯ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟಿರಬೇಕು. ಒಂದು ಅಶ್ವಶಕ್ತಿಯ ಮೋಟಾರೆಂದರೆ 746 ವ್ಯಾಟ್; ಹೊರಡುವ ಕ್ಷಣದಲ್ಲಿ ಅದು ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ದೀಪಕ್ಕೆಂದು ಮಾಡಿದ ಪುಟ್ಟ ರಿಲೇ ಅದನ್ನು ತಾಳಲಾರದು. ಕಾಂಟ್ಯಾಕ್ಟರ್ ಹಾಕಿಸಬೇಕು, ಅದೂ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ. 230 ವೋಲ್ಟಿನೊಡನೆ ಹುಡುಗಾಟ ಸಲ್ಲದು. ಪರಊರಿನಿಂದ ನೋಡುವ ಆಸೆಗೆ ಮನೆಯ ರೌಟರಿನ ಬಾಗಿಲನ್ನು ಬಯಲಿಗೆ ತೆರೆದಿಡಲೂಬಾರದು, ವಿ.ಪಿ.ಎನ್. ಎಂಬ ಭದ್ರವಾದ ಒಳದಾರಿಯುಂಟು. ಗೋಡೆಯ ಮೇಲಿನ ಹಳೆಯ ಸ್ವಿಚ್ಚನ್ನಂತೂ ಯಾವ ಕಾರಣಕ್ಕೂ ತೆಗೆಸಕೂಡದು. ಯಂತ್ರ ಮಲಗಿದ ದಿನ ಅಜ್ಜಿಯ ಕೈಗೆ ದೀಪ ಸಿಗಬೇಕು.

ಆಟೋ ಸ್ಟಾರ್ಟರಿನಿಂದಲೂ ಕಲಿಯುವ ಪಾಠವೊಂದಿದೆ. ವಿದ್ಯುತ್ತು ಬಂದೊಡನೆ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಹೊರಟರೆ ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುವ ಹೊರೆ ಅಷ್ಟಿಷ್ಟಲ್ಲ. ನಮ್ಮ ಸ್ವಯಂಚಾಲಿತ ಮೋಟಾರು ವಿದ್ಯುತ್ತು ಬಂದ ಮೇಲೆ ಕೆಲವು ನಿಮಿಷ ಕಾದು ಹೊರಡುವಂತೆ ಮಾಡುವುದು ನೆರೆಹೊರೆಗೆ ಸಲ್ಲಿಸುವ ಮರ್ಯಾದೆ. ಮುಕ್ತ ತಂತ್ರಾಂಶದಲ್ಲಿ ಆ ಮರ್ಯಾದೆಯನ್ನು ಒಂದು ಸಾಲಿನಲ್ಲಿ ಬರೆದಿಡಬಹುದು.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯ ಸೌರ ವಿದ್ಯುತ್ ಪಾರ್ಕನ್ನು ಕಟ್ಟಿರುವುದು ಎಲ್ಲರೂ ಬಲ್ಲ ಸಂಗತಿ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ಅಲ್ಲಿಯ ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭವಾದ ಗೇಣಿಗೆ ಕೊಟ್ಟರು. ಭೂಮಿಯೇ ಇಲ್ಲದ ಕೂಲಿಕಾರರಿಗೆ ಆ ಗೇಣಿಯಲ್ಲಿ ಪಾಲು ಬರಲಿಲ್ಲವೆಂಬುದನ್ನೂ ಮರೆಯಬಾರದು. ಆದರೂ ಉಪಯೋಗವನ್ನು ಪರರಿಗೆ ಕೊಟ್ಟು ಒಡೆತನವನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಂಡ ಆ ಜಾಣ್ಮೆ ಮೆಚ್ಚತಕ್ಕದ್ದು. ಪಹಣಿಯಲ್ಲಿ ಹೆಸರು ಯಾರದಿರಬೇಕೆಂಬುದನ್ನು ಚೆನ್ನಾಗಿ ಬಲ್ಲ ಈ ಸೀಮೆಯ ಜನ, ಮನೆಯ ದೀಪಕ್ಕೆ ಅಪ್ಪಣೆ ಕೊಡುವವರು ಯಾರೆಂಬ ಪ್ರಶ್ನೆಯನ್ನೂ ಪೆಟ್ಟಿಗೆ ಕೊಳ್ಳುವ ಮೊದಲೇ ಅಂಗಡಿಯವನಿಗೆ ಕೇಳುವಂತಾಗಲಿ.