ಜ್ವರ ಹೋಯ್ತು, ನೋವು ಯಾಕೆ ಹೋಗ್ಲಿಲ್ಲ?

2006ರಲ್ಲಿ ನಮ್ಮ ಚಿಕ್ಕಮ್ಮನಿಗೆ ಜೋಗೇಶ್ವರಿಯ ಚಾಳಿನಲ್ಲಿ ಚಿಕೂನ್‌ಗುನ್ಯಾ ಬಂತು. ನಾಲ್ಕೇ ದಿನದಲ್ಲಿ ಜ್ವರ ಇಳಿಯಿತು. ಆದರೆ ಬೆರಳು, ಮಣಿಕಟ್ಟು, ಕಾಲಿನ ಗಂಟುಗಳ ನೋವು ಏಳು ತಿಂಗಳು ಬಿಡಲಿಲ್ಲ. ಬಟ್ಟೆ ಹಿಂಡಲು ಆಗದು, ನಲ್ಲಿಯಿಂದ ಕೊಡ ಎತ್ತಲು ಆಗದು, ನಮಾಝ್ ಕೂಡ ಕುರ್ಚಿಯ ಮೇಲೆಯೇ. "ರಿಪೋರ್ಟ್ ಎಲ್ಲಾ ನಾರ್ಮಲ್, ನಿಮ್ದು ಬರೀ ಮನಸ್ಸಿನ ನೋವು" ಅಂದರು ಒಬ್ಬ ಡಾಕ್ಟರು. ಚಿಕ್ಕಮ್ಮ ಆಮೇಲೆ ನೋವಿನ ಬಗ್ಗೆ ಮಾತಾಡುವುದನ್ನೇ ಬಿಟ್ಟರು.

ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಿದ್ದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದ್ದೇ. ಹಾಗಾದರೆ ಇಷ್ಟು ಜನರ ನೋವು ಬರೀ ಮನಸ್ಸಿನದ್ದೇ? ಖಂಡಿತ ಅಲ್ಲ.

ವೈರಸ್ ಗಂಟಿನೊಳಗೆ ಸೇರಿದಾಗ ರೋಗನಿರೋಧಕ ಕಣಗಳು ಅಲ್ಲಿಗೆ ಓಡಿ ಬರುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಇವು ವೈರಸ್ ವಿರುದ್ಧದ ಹೋರಾಟಕ್ಕೆ ಬೇಕಾದವು. ಆದರೆ ನೋವು ತಿಳಿಸುವ ನರಗಳ ತುದಿಯಲ್ಲೂ ಇವನ್ನು ಹಿಡಿಯುವ ಗ್ರಾಹಕಗಳಿವೆ. ಹಿಡಿದ ಕೂಡಲೇ ನರ ಸೂಕ್ಷ್ಮವಾಗುತ್ತದೆ. ಮೊದಲು ಬರೀ ಸ್ಪರ್ಶ ಅನಿಸುತ್ತಿದ್ದದ್ದು ಈಗ ನೋವು ಅನಿಸುತ್ತದೆ.

ನರವೂ ಸುಮ್ಮನೆ ಕೂರುವುದಿಲ್ಲ. ಸಬ್‌ಸ್ಟೆನ್ಸ್-ಪಿ, ಸಿಜಿಆರ್‌ಪಿ ಎಂಬ ವಸ್ತುಗಳನ್ನು ತಾನೂ ಹೊರಬಿಡುತ್ತದೆ. ಅದರಿಂದ ರಕ್ತನಾಳ ಹಿಗ್ಗುತ್ತದೆ, ಗಂಟು ಊದುತ್ತದೆ, ಇನ್ನಷ್ಟು ನಿರೋಧಕ ಕಣಗಳು ಬರುತ್ತವೆ. ಹೀಗೆ ಒಂದು ಇನ್ನೊಂದನ್ನು ಕೆರಳಿಸುತ್ತಾ ಹೋಗುತ್ತದೆ. ಇದು ತುಂಬಾ ದಿನ ನಡೆದರೆ ಬೆನ್ನುಹುರಿಯಲ್ಲಿರುವ ಮೈಕ್ರೋಗ್ಲಿಯಾ ಎಂಬ ನಿರೋಧಕ ಕಣಗಳೂ ಎಚ್ಚರಗೊಂಡು, ನೋವಿನ ಸಂದೇಶವನ್ನು ರೇಡಿಯೋದ ವಾಲ್ಯೂಮ್ ಏರಿಸಿದ ಹಾಗೆ ಜೋರು ಮಾಡುತ್ತವೆ. ಗಂಟಿನ ಊತ ಇಳಿದ ಮೇಲೂ ಆ ವಾಲ್ಯೂಮ್ ಇಳಿಯದೆ ಇರಬಹುದು. ರಕ್ತ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ.

ಸಂಧಿವಾತದಲ್ಲೂ ಇಂಥದ್ದೇ ನಂಟು ಕಂಡಿದೆ. 2011ರಲ್ಲಿ ಜರ್ಮನಿಯ ಸಂಶೋಧಕರು ಕೆಲವು ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟು ಮೆದುಳಿನ ಸ್ಕ್ಯಾನ್ ಮಾಡಿದರು. ಒಂದೇ ದಿನದಲ್ಲಿ ಮೆದುಳಿನ ನೋವಿನ ಪ್ರತಿಕ್ರಿಯೆ ತಗ್ಗಿತ್ತು, ಗಂಟಿನ ಊತ ಮಾತ್ರ ಇನ್ನೂ ಹಾಗೇ ಇತ್ತು!

ಇದನ್ನು ಯಾಕೆ ಬರೆದೆ ಅಂದರೆ, ಮುಂಬೈಯ ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರು ನೋವು ಬಂದರೆ ಸೀದಾ ಮೆಡಿಕಲ್‌ಗೆ ಹೋಗುತ್ತಾರೆ. ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ನೋವು ಮಾಯವಾದ ಹಾಗೆ ಕಂಡರೂ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಒಳಗಿನ ಕಾಯಿಲೆ ಮುಚ್ಚಿಹೋಗುತ್ತದೆ. ಜ್ವರದ ದಿನಗಳಲ್ಲಿ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವದ ಅಪಾಯವಿದೆ. ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಗಂಟುಗಳು ಬಿಗಿದಿದ್ದರೆ, ಊತ ವಾರಗಟ್ಟಲೆ ಉಳಿದರೆ ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗೆ ಹೋಗಿ ತೋರಿಸಿ. ಊತ ಇಳಿದ ಮೇಲೂ ನೋವು ಉಳಿದರೆ ಸರಿಯಾದ ನಿದ್ದೆ, ನಿಧಾನದ ವ್ಯಾಯಾಮ ಕೂಡ ಚಿಕಿತ್ಸೆಯೇ. ನಿದ್ದೆಗೆಟ್ಟರೆ ನೋವು ಹೆಚ್ಚುತ್ತದೆ.

ಇನ್ನು ಮನೆಯವರಿಗೆ ಒಂದು ಮಾತು. ರಿಪೋರ್ಟ್ ನಾರ್ಮಲ್ ಬಂದರೂ ನೋವು ಸುಳ್ಳಾಗಿರಬೇಕಿಲ್ಲ. ಚಿಕ್ಕಮ್ಮನ ಕೊಡವನ್ನು ಆ ಏಳು ತಿಂಗಳು ನಾವು ಎತ್ತಬೇಕಿತ್ತು. ಎತ್ತಲಿಲ್ಲ.