*“ಇನ್ನೊಂದೇ ಮ್ಯಾಚ್ ಅಮ್ಮಾ!” – ವಿಡಿಯೋ ಗೇಮ್, ಮನಸ್ಸು ಮತ್ತು ಹೃದಯ* 🎮❤️



ಹೃದಯದ ಡಾಕ್ಟರಿಗೆ ವಿಡಿಯೋ ಗೇಮ್ ವಿಷಯ ಯಾಕೆ ಎಂದು ನೀವು ಕೇಳಬಹುದು. ಬಿ.ಪಿ. ತೋರಿಸಲು ಬಂದ ತಂದೆ-ತಾಯಂದಿರು ಎದ್ದು ಹೋಗುವ ಮುನ್ನ ಮೆಲ್ಲಗೆ ಕೇಳುತ್ತಾರೆ: “ಡಾಕ್ಟ್ರೇ, ಮಗ ರಾತ್ರಿ ಎರಡು ಗಂಟೆವರೆಗೆ ಗೇಮ್ ಆಡ್ತಾನೆ. ಬೈದರೂ ಬಿಡಲ್ಲ. ಏನು ಮಾಡೋದು?”

ಬೈಯುವ ಮೊದಲು, ಆ ಆಟ ಅವನಿಗೆ ಏನು ಕೊಡುತ್ತಿದೆ ಎಂದು ತಿಳಿಯಬೇಕು.

*🔹 ಆಟ ಎಂದರೇನು?*

ಕುಂಟೆಬಿಲ್ಲೆ ನೆನಪಿಸಿಕೊಳ್ಳಿ. ಎರಡು ಕಾಲಲ್ಲಿ ನಡೆದು ಹೋಗಿ ಬಿಲ್ಲೆ ತರಬಹುದು. ಆದರೂ ಒಂಟಿ ಕಾಲಲ್ಲಿ ಕುಂಟುತ್ತೇವೆ; ಗೆರೆ ತುಳಿದರೆ ಔಟ್. ಬೇಕಿಲ್ಲದ ಅಡ್ಡಿಗಳನ್ನು ಇಷ್ಟಪಟ್ಟು ತಂದುಕೊಂಡು ದಾಟಲು ಯತ್ನಿಸುವುದೇ ಆಟ ಎಂದು ತತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರ ಪುಸ್ತಕದಲ್ಲಿ ವಿವರಿಸಿದರು. ಲೆಕ್ಕದ ಹೋಮ್‌ವರ್ಕ್‌ನಿಂದ ಓಡುವ ಹುಡುಗ ಗೇಮಿನ ಒಂದು ಲೆವೆಲ್‌ನಲ್ಲಿ ಐವತ್ತು ಸಲ ಸೋತರೂ ಮತ್ತೆ ಯತ್ನಿಸುತ್ತಾನೆ. ಅವನು ಸೋಮಾರಿಯಲ್ಲ. ಆ ಕಷ್ಟ ಅವನೇ ಆರಿಸಿಕೊಂಡದ್ದು. ಅಲ್ಲಿ ಸೋತರೆ ಯಾರೂ ಹಂಗಿಸುವುದಿಲ್ಲ.

*🔹 ಮನಸ್ಸಿನ ಮೂರು ಹಸಿವು*

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರ ಪ್ರಕಾರ ಎಲ್ಲರ ಮನಸ್ಸಿಗೂ ಮೂರು ವಿಷಯ ಬೇಕು.

1️⃣ ನನ್ನ ಆಯ್ಕೆ ನನ್ನದು ಎಂಬ ಸ್ವಾತಂತ್ರ್ಯ
2️⃣ ನನ್ನಿಂದ ಆಗುತ್ತದೆ ಎಂಬ ವಿಶ್ವಾಸ
3️⃣ ನನಗೂ ನನ್ನವರಿದ್ದಾರೆ ಎಂಬ ನೆಮ್ಮದಿ

ಒಳ್ಳೆಯ ಗೇಮ್ ಈ ಮೂರನ್ನೂ ಕೊಡುತ್ತದೆ. ಅಪ್ಪನಿಗೆ ವರ್ಗವಾಗಿ ಧಾರವಾಡದಿಂದ ಪುಣೆಗೆ ಬಂದ ಹುಡುಗನನ್ನು ಊಹಿಸಿಕೊಳ್ಳಿ. ಹೊಸ ಶಾಲೆ, ಬಾರದ ಮರಾಠಿ, ಫ್ಲ್ಯಾಟಿನಲ್ಲಿ ಪರಿಚಯವಿಲ್ಲದ ಮುಖಗಳು. ಹಳೆಯ ಗೆಳೆಯರು ಸಿಗುವುದು ರಾತ್ರಿ ಗೇಮಿನಲ್ಲಿ ಮಾತ್ರ. ನೀವು ಫೋನ್ ಕಿತ್ತುಕೊಂಡರೆ ಅವನ ಗೆಳೆಯರನ್ನೂ ಕಿತ್ತುಕೊಂಡಂತೆ. ಅವನ ಸಿಟ್ಟಿಗೆ ಅರ್ಥವಿದೆ.

*🔹 ಗಾಳ ಎಲ್ಲಿದೆ?*

ಪ್ರತಿ ಸಲ ಕಾಳು ಬೀಳುವುದಕ್ಕಿಂತ ಯಾವಾಗ ಬೀಳುತ್ತದೆಂದು ತಿಳಿಯದಿದ್ದಾಗ ಪಾರಿವಾಳ ಬಿಡದೆ ಕುಕ್ಕುತ್ತದೆ. ಇದನ್ನು ಬಿ.ಎಫ್. ಸ್ಕಿನ್ನರ್ ದಶಕಗಳ ಹಿಂದೆಯೇ ತೋರಿಸಿದ್ದರು. ಕೆಲವು ಗೇಮುಗಳ “ಲೂಟ್ ಬಾಕ್ಸ್” ಕೆಲಸ ಮಾಡುವುದೂ ಹೀಗೆಯೇ. 1998ರಲ್ಲಿ ಲಂಡನ್ನಿನ ಸಂಶೋಧಕರು ಟ್ಯಾಂಕ್ ಓಡಿಸುವ ಗೇಮ್ ಆಡುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಡೋಪಮೈನ್ ಬಿಡುಗಡೆಯಾಗುವುದು ಕಂಡಿತು. ಊಟ ಮಾಡಿದಾಗಲೂ ಡೋಪಮೈನ್ ಬಿಡುಗಡೆಯಾಗುತ್ತದೆ. ಅಷ್ಟಕ್ಕೇ ಅದು ಚಟವಲ್ಲ. ಆದರೆ ಮುಗಿಯದ ಬಹುಮಾನದ ಆಸೆ ತೋರಿಸಿ ಹಣ ಕೇಳುವ ಗೇಮ್ ಬಗ್ಗೆ ಎಚ್ಚರವಿರಲಿ.

*🔹 ಹೃದಯಕ್ಕೆ ಏನಾಗುತ್ತದೆ?*

ಪರದೆಯ ಮೇಲಿನ ಶತ್ರು ಸುಳ್ಳು ಎಂದು ಬುದ್ಧಿಗೆ ಗೊತ್ತು. ಆದರೂ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ. ಆರೋಗ್ಯವಂತ ಹೃದಯ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ದಿನಾ ನಿದ್ದೆಗೆಡುವುದು, ಗಂಟೆಗಟ್ಟಲೆ ಕೂರುವುದು, ಜೊತೆಗೆ ಎನರ್ಜಿ ಡ್ರಿಂಕ್ ಕುಡಿಯುವುದು ಒಳ್ಳೆಯದಲ್ಲ.

⚠️ *ಒಂದು ಮಾತು ಮರೆಯಬೇಡಿ:* ಆಡುತ್ತಿರುವಾಗ ಮಗು *ಪ್ರಜ್ಞೆ ತಪ್ಪಿ ಬಿದ್ದರೆ* ಅದನ್ನು ನಾಟಕ ಎನ್ನಬೇಡಿ, “ಊಟ ಮಾಡಿಲ್ಲ, ಅದಕ್ಕೇ” ಎಂದೂ ಸುಮ್ಮನಾಗಬೇಡಿ. ಹುಟ್ಟಿನಿಂದಲೇ ಹೃದಯದ ವಿದ್ಯುತ್ ಲಯದಲ್ಲಿ ದೋಷವಿರುವ ಮಕ್ಕಳಿಗೆ ಗೇಮಿನ ಉದ್ವೇಗ ಅಪಾಯ ತರಬಹುದು. ಆಸ್ಟ್ರೇಲಿಯಾದ ವೈದ್ಯರು 2022ರಲ್ಲಿ ಹೀಗೆ ಅಪಾಯಕ್ಕೆ ಸಿಲುಕಿದ 22 ಮಕ್ಕಳ ವಿವರ ಪ್ರಕಟಿಸಿದರು; ಕೆಲವರು ಉಳಿಯಲಿಲ್ಲ. ಇದು ಬಹಳ ಅಪರೂಪ, ಆದರೆ ಮೊದಲೇ ಗೊತ್ತಾದರೆ ಚಿಕಿತ್ಸೆ ಇದೆ. ತಡಮಾಡದೆ ವೈದ್ಯರಿಗೆ ತೋರಿಸಿ ಇ.ಸಿ.ಜಿ. ಮಾಡಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ ತೀರಿಕೊಂಡವರಿದ್ದರೆ ಅದನ್ನೂ ಹೇಳಿ. ಬಿದ್ದ ಮಗು ಕರೆದರೂ ಪ್ರತಿಕ್ರಿಯಿಸದೆ, ಸರಿಯಾಗಿ ಉಸಿರಾಡದಿದ್ದರೆ ಕೂಡಲೇ ಎದೆ ಒತ್ತಲು ಆರಂಭಿಸಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ.

*🔹 ಮನೆಯಲ್ಲಿ ಏನು ಮಾಡಬಹುದು?*

✅ ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು “ಇದು ಹೇಗೆ ಆಡೋದು, ನನಗೂ ಹೇಳಿಕೊಡು” ಎನ್ನಿ.
✅ ಸಮಯವನ್ನು ಅವನ ಜೊತೆ ಮಾತಾಡಿ ನಿಗದಿ ಮಾಡಿ. ಮ್ಯಾಚ್ ನಡುವೆ ವೈಫೈ ಆರಿಸಬೇಡಿ. ಮುಗಿದ ಮೇಲೆ ನಿಲ್ಲಿಸುವ ಒಪ್ಪಂದವಿರಲಿ.
✅ ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜ್ ಆಗಲಿ. *ನಿಮ್ಮದೂ ಸೇರಿ.*
✅ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು.
✅ ಆ ಮೂರು ಹಸಿವು ಹೊರಗೂ ತೀರಲಿ. ಕ್ರಿಕೆಟ್, ತಬಲಾ, ಕನ್ನಡ ಸಂಘದ ನಾಟಕ – ಅವನೇ ಆರಿಸಲಿ.

*🔹 ಯಾವಾಗ ಸಹಾಯ ಬೇಕು?*

ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಕಾಯಿಲೆಯಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲವೂ ಹಿಂದೆ ಸರಿದು, ಓದು-ಸಂಬಂಧ ಕೆಡುತ್ತಿದ್ದರೂ ನಿಲ್ಲಿಸಲಾಗದೆ, ಇದು ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ‘ಗೇಮಿಂಗ್ ಡಿಸಾರ್ಡರ್’ ಎನ್ನುತ್ತದೆ. ಆದರೆ ಸಹಾಯ ಕೇಳಲು ಅಷ್ಟು ದಿನ ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್ ಕ್ಲಿನಿಕ್’ ಇದೆ. ನೀವು ಮುಂಬೈ, ಚೆನ್ನೈ, ದೆಹಲಿ ಎಲ್ಲೇ ಇರಿ, ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ *14416*ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.

ಇವತ್ತು ರಾತ್ರಿ “ಇನ್ನೂ ಆಡ್ತಿದ್ದೀಯಾ?” ಎನ್ನುವ ಬದಲು “ಯಾರ ಜೊತೆ ಆಡ್ತಿದ್ದೀಯಪ್ಪಾ?” ಎಂದು ಕೇಳಿ ನೋಡಿ. ಮಾತು ಅಲ್ಲಿಂದ ಶುರುವಾಗಲಿ.

🙏 ಮಕ್ಕಳಿರುವ ಮನೆಗಳಿಗೆ ದಯವಿಟ್ಟು ತಲುಪಿಸಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.